ಸೀಲು ಸರಿಯಾಗಿ ಬಿದ್ದಿಲ್ಲ

ಅಕ್ಟೋಬರ್ 8, 2001. ಸೋಮವಾರ

ಬೆಳಿಗ್ಗೆ ಮಳೆ ಅಳೆದೆ. 11 ಮಿ.ಮೀ. ಕೆಳಗಿನ ಬ್ಲಾಕಿನಲ್ಲಿ ಕಳೆ ಕೆಲಸ. ಮೇಲೆ ಅರೇಬಿಕಾ ಕಾಫಿ ಅಲ್ಲಲ್ಲಿ ಕೆಂಪಾಗಿದೆ.

ಆಸ್ಪತ್ರೆ ಚೀಟಿ ಇಂದು ಒಂದೇ. ಲಿಂಗಪ್ಪ ಮೇಸ್ತ್ರಿಯ ಮಗಳು ಶಾಲಿನಿಗೆ, ಎಂದಿನ ಇಂಜೆಕ್ಷನ್. ಬರೆದು, ಆಫೀಸಿನ ರೈಟರ್ ಎಂದು ಸಹಿ ಮಾಡಿ, ಎಸ್ಟೇಟಿನ ಸೀಲು ಒತ್ತಿ ಕೊಟ್ಟೆ. ಚೀಟಿ ತೋರಿಸಿದರೆ ಖರ್ಚು ಎಸ್ಟೇಟಿನ ಲೆಕ್ಕಕ್ಕೆ. ಅಪ್ಪ ಮಗಳು ಒಂಬತ್ತರ ಬಸ್ಸಿಗೆ ಮೂಡಿಗೆರೆಯ ನರ್ಸಿಂಗ್ ಹೋಂಗೆ ಹೋದರು.

ಪೇಪರ್ ಮಧ್ಯಾಹ್ನ ಬಂತು. ಕಾಬೂಲ್ ಮೇಲೆ ಬಾಂಬ್. ಒಳಪುಟದಲ್ಲಿ ಕಾಫಿ ಧಾರಣೆ, ಮತ್ತೆ ಇಳಿಕೆ. ಎಸ್ಟೇಟಿನ ಯಜಮಾನ ಗೌಡರು ಯಾವಾಗಲೂ ಮೊದಲು ಒಳಪುಟ ತೆಗೆಯುವವರು. ಇಂದು ಪೇಪರನ್ನೇ ಕೇಳಲಿಲ್ಲ.

ಸಂಜೆ ಶಾಲಿನಿ ಬಸ್ಸಿಳಿದು ನೆಟ್ಟಗೆ ನಡೆದು ಬಂದಳು. ಇಂಜೆಕ್ಷನ್ ದಿನ ಹಾಗೆ ಬರುವುದಿಲ್ಲ. ಬಲಗಡೆ ಸೊಂಟಕ್ಕೆ ಹಾಕುತ್ತಾರೆ, ಬಲಗಾಲು ಎಳೆದುಕೊಂಡು, ಡಾಕ್ಟರಿಗೆ ಬೈದುಕೊಂಡು ಬರುತ್ತಾಳೆ. ಲಿಂಗಪ್ಪ ಆಫೀಸಿಗೆ ಬಂದು ಚೀಟಿ ಮೇಜಿನ ಮೇಲಿಟ್ಟ.

"ಎಂತ ಆಯ್ತು ಮಾರಾಯ?"

"ಸೀಲು ಸರಿಯಾಗಿ ಬಿದ್ದಿಲ್ವಂತೆ ರೈಟ್ರೇ."

"ಅಷ್ಟಕ್ಕೇ ವಾಪಸ್ ಕಳ್ಸಿದ್ರಾ?"

"ಕೌಂಟ್ರಲ್ಲಿರೋ ಹುಡುಗಿ ಹಂಗಂದ್ಲು. ಸರಿಯಾಗ್ ಒತ್ತಿಸ್ಕಂಡ್ ಬನ್ನಿ ಅಂತ."

ಚೀಟಿ ನೋಡಿದೆ. ಒಂದು ಮೂಲೆ ಮಾಸಿದಂತಿತ್ತು. ಇರಬಹುದು. ತಪ್ಪು ನನ್ನದೇ.

ಅಕ್ಟೋಬರ್ 9. ಮಂಗಳವಾರ

ಇಂಕ್ ಪ್ಯಾಡು ಒಣಗಿತ್ತು. ನಾಲ್ಕು ಹನಿ ಬಿಟ್ಟೆ. ಹಳೆ ಪೇಪರಿನ ಮೇಲೆ ಒತ್ತಿ ನೋಡಿ, ಆಮೇಲೆ ಚೀಟಿಗೆ ಒತ್ತಿದೆ. ಎಸ್ಟೇಟಿನ ಹೆಸರು, ಅಂಚೆ, ತಾಲ್ಲೂಕು ಎಲ್ಲ ಓದಬಹುದು.

ಸಂಜೆ ಅದೇ ಮಾತು. ಸೀಲು ಸರಿಯಾಗಿ ಬಿದ್ದಿಲ್ಲ.

"ನಿಮ್ ಕೈಲಿ ಬಲ ಇಲ್ಲ ರೈಟ್ರೇ" ಎಂದ ಲಿಂಗಪ್ಪ. "ಪೇಪರ್ ಓದದು ಬಿಟ್ಟು ನಾಕ್ ದಿನ ಗುದ್ಲಿ ಹಿಡೀರಿ. ಆಮೇಲ್ ಒತ್ತಿ, ಚೀಟಿ ಆ ಕಡೆ ತೂತು ಬೀಳ್ತದೆ."

ಅವನು ನಕ್ಕ, ನಾನೂ ನಕ್ಕೆ. ಆದರೆ ಹುಡುಗಿಯದು ನಗುವ ವಿಷಯವಲ್ಲ. ಆರನೇ ಕ್ಲಾಸಿನಲ್ಲಿದ್ದಾಗ ಕೀಲುಜ್ವರ ಬಂದು ಹೃದಯದ ಕವಾಟಕ್ಕೆ ಪೆಟ್ಟಾಯಿತು. ಅಂದಿನಿಂದ ಮೂರು ವಾರಕ್ಕೊಂದು ಪೆನ್ಸಿಲಿನ್. ತಪ್ಪಿಸಿದರೆ ಜ್ವರ ಮರಳುತ್ತದೆ, ಮರಳಿದಾಗೆಲ್ಲ ಕವಾಟ ಇನ್ನಷ್ಟು ಕೆಡುತ್ತದೆ ಎಂದು ಡಾಕ್ಟರು ನನಗೂ ಹೇಳಿದ್ದರು. ಈಗ ಸೆಕೆಂಡ್ ಪಿಯುಸಿ. ಒಮ್ಮೆಯೂ ತಪ್ಪಿರಲಿಲ್ಲ.

ಅಕ್ಟೋಬರ್ 16. ಮಂಗಳವಾರ

ಕಾಫಿ ಹದಮಾಡುವ ಕ್ಯೂರಿಂಗ್ ವರ್ಕ್ಸ್ ಕೆಲಸಕ್ಕೆ ಚಿಕ್ಕಮಗಳೂರಿಗೆ. ಹೊರಡುವಾಗ ಗೌಡರಿಗೆ ಹೇಳಿದೆ, ಹೊಸ ಸೀಲು ಮಾಡಿಸಿಕೊಂಡು ಬರುತ್ತೇನೆಂದು.

"ಹಳೇದಕ್ಕೆ ಎಂತ ಆಯ್ತು?"

"ಸರಿಯಾಗಿ ಬೀಳ್ತಿಲ್ಲ ಗೌಡ್ರೇ. ನರ್ಸಿಂಗ್ ಹೋಂನವ್ರು ಚೀಟಿ ವಾಪಸ್ ಕಳಿಸ್ತಿದಾರೆ."

ಅವರು ಅಂಗಳ ನೋಡುತ್ತ ನಿಂತರು. ಕಾಫಿ ಒಣಗಿಸುವ ಅಂಗಳ. ಈಗ ಅಲ್ಲಿ ನೋಡುವಂಥದ್ದು ಏನೂ ಇಲ್ಲ.

"ಮಾಡ್ಸಿ" ಎಂದರು. "ಒಳ್ಳೇದೇ ಮಾಡ್ಸಿ."

ಬಸ್ ಸ್ಟ್ಯಾಂಡ್ ಹಿಂದಿನ ಓಣಿಯಲ್ಲಿ ಆರ್ಡರ್ ಕೊಟ್ಟೆ. ಒಂದು ವಾರ ಬೇಕಂತೆ. ಕಂಡಕ್ಟರ್ ಕೈಯಲ್ಲಿ ಕಳಿಸುತ್ತಾರೆ. ಇರುವ ಸೀಲಿನಲ್ಲೇ ಇನ್ನೊಂದು ಚೀಟಿ ಬರೆದುಕೊಡಲೇ ಎಂದು ಲಿಂಗಪ್ಪನನ್ನು ಕೇಳಿದೆ. ಹೊಸದೇ ಬರಲಿ ಎಂದ. ಬಸ್ ಚಾರ್ಜು, ದಿನದ ಸಂಬಳ ಎರಡು ಸಲ ದಂಡವಾಗಿದೆ ಅವನಿಗೆ.

ಅಕ್ಟೋಬರ್ 25. ಗುರುವಾರ. ಆಯುಧಪೂಜೆ

ಹಣ್ಣಿನ ಸಿಪ್ಪೆ ತೆಗೆಯುವ ಪಲ್ಪರ್, ಸ್ಪ್ರೇಯರ್, ತಕ್ಕಡಿ, ಗೌಡರ ಜೀಪು, ಎಲ್ಲಕ್ಕೂ ಪೂಜೆ. ಆಫೀಸಿನಲ್ಲಿ ನಿನ್ನೆಯಷ್ಟೇ ಬಂದ ಹೊಸ ಸೀಲಿಗೂ ಕುಂಕುಮ ಹಚ್ಚಿ ಹೂವಿಟ್ಟೆ. ಪ್ರಸಾದಕ್ಕೆ ಬಂದ ಶಾಲಿನಿ ಕಿಟಕಿಯಲ್ಲಿ ನಿಂತು ನೋಡಿದಳು.

"ಇಷ್ಟೆಲ್ಲ ಪೂಜೆ ಆದ್ಮೇಲೂ ಬೀಳಲ್ಲ ಅಂದ್ರೆ ಅದಕ್ಕೆ ಮಾನ ಇಲ್ಲ ಅಂತ ಅರ್ಥ, ಅಲ್ವಾ ರೈಟ್ರೇ?"

ಹೋಗುವಾಗ ಎಡಗಾಲು ಸ್ವಲ್ಪ ಎಳೆಯುತ್ತಿದ್ದಳು. ಕೇಳಿದೆ. ಕಾಲೇಜಿನ ಮೆಟ್ಟಿಲಲ್ಲಿ ಜಾರಿದೆ ಎಂದಳು.

ಅಕ್ಟೋಬರ್ 29. ಸೋಮವಾರ

ಮತ್ತೆ ಇಂಜೆಕ್ಷನ್ ವಾರ. ಸೀಲಿನ ಸಂದಿಗಳಲ್ಲಿ ಕುಂಕುಮ ಸೇರಿಕೊಂಡಿತ್ತು. ಮೊದಲ ಚೀಟಿ ಕೆಂಪು ಕೆಂಪಾಗಿ ಬಂತು. ಹಲ್ಲುಜ್ಜುವ ಬ್ರಷ್‌ನಿಂದ ತೊಳೆದು ಎರಡನೆಯದಕ್ಕೆ ಒತ್ತಿದೆ. ಅಚ್ಚಿನಂತೆ ಬಿತ್ತು.

ಸಂಜೆ ಲಿಂಗಪ್ಪ ಒಬ್ಬನೇ ಆಫೀಸಿಗೆ ಬಂದ. ಮಗಳು ನೇರ ಆಳುಗಳ ಲೈನ್‌ಮನೆಗೆ ಹೋಗಿ ಮಲಗಿದ್ದಾಳಂತೆ. ಮೈ ಬಿಸಿ. ಎಡಮಂಡಿ ಊದಿದೆ.

"ಏನಂದ್ರು?"

"ಅದೇ."

"ಸೀಲಾ?"

"ಸೀಲೇ."

ಈ ಸಲ ಅವನು ತಮಾಷೆ ಮಾಡಲಿಲ್ಲ.

ನವೆಂಬರ್ 3. ಶನಿವಾರ

ಜ್ವರ ಬಿಟ್ಟಿಲ್ಲ. ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಮಾತ್ರೆ ಕೊಟ್ಟರು. ಪೆನ್ಸಿಲಿನ್ ಮಾತ್ರ ಹಾಕುವುದಿಲ್ಲವಂತೆ. ಒಬ್ಬೊಬ್ಬರಿಗೆ ಆಗಿಬರುವುದಿಲ್ಲ, ಹೆಚ್ಚುಕಡಿಮೆಯಾದರೆ ಇಲ್ಲಿ ಏನೂ ಸೌಕರ್ಯವಿಲ್ಲ, ಮೊದಲಿಂದ ಹಾಕುತ್ತಿರುವ ಕಡೆಯೇ ಹೋಗಿ ಎಂದರಂತೆ. ಜಿಲ್ಲಾ ಆಸ್ಪತ್ರೆಗೆ ಹೋಗುವುದಾದರೆ ಹಳೆ ಫೈಲು ಬೇಕು. ಫೈಲಿರುವುದು ನರ್ಸಿಂಗ್ ಹೋಂನಲ್ಲಿ.

ಕೊಯ್ಲು ಶುರುವಾಗಿದೆ. ರಜೆ ಕೇಳುವ ಹೊತ್ತಲ್ಲ. ಆದರೂ ಮಂಗಳವಾರ ನಾನೇ ಹೋಗುವುದು.

ನವೆಂಬರ್ 6. ಮಂಗಳವಾರ

ಹೋಗಿ ಬಂದೆ. ನಡೆದದ್ದನ್ನು ನಡೆದ ಹಾಗೆ ಬರೆಯಬೇಕು.

ಕೌಂಟರಿನ ಹುಡುಗಿಯ ಹೆಸರು ಸೌಜನ್ಯ. ಇಪ್ಪತ್ತೆರಡು ಇಪ್ಪತ್ಮೂರು ವಯಸ್ಸಿರಬಹುದು. ಚೀಟಿಯನ್ನು ನಾಲ್ಕಾಗಿ ಮಡಿಸಿ ಅವಳ ಮುಂದಿಟ್ಟು ಎಸ್ಟೇಟಿನ ಹೆಸರು ಹೇಳಿದೆ. ಬಿಡಿಸಲಿಲ್ಲ.

"ಸೀಲು ಸರಿಯಾಗಿ ಬಿದ್ದಿಲ್ಲ ಸಾರ್."

"ನೀವಿನ್ನೂ ನೋಡೇ ಇಲ್ವಲ್ಲಮ್ಮ."

ನನ್ನ ಹಿಂದೆ ಯಾರೂ ಇಲ್ಲವೆಂದು ನೋಡಿಕೊಂಡು ದನಿ ಇಳಿಸಿದಳು.

"ನಿಮ್ದೊಂದೇ ಅಲ್ಲ ಸಾರ್. ಈ ತಿಂಗ್ಳು ಐದು ಎಸ್ಟೇಟಿನ ಸೀಲು ಸರಿಯಾಗಿ ಬಿದ್ದಿಲ್ಲ."

ಆಗ ಅರ್ಥವಾಯಿತು. ಬಾಕಿಯಾ ಎಂದೆ, ಹೌದೆಂದಳು. ಕಳೆದ ವರ್ಷದಿಂದ ಎಸ್ಟೇಟಿನ ಬಿಲ್ ಕಟ್ಟಿಲ್ಲ. ಕಾಫಿ ಮಾರಿದ ಮೇಲೆ ವರ್ಷಕ್ಕೊಮ್ಮೆ ಲೆಕ್ಕ ತೀರಿಸುವುದು ಇಲ್ಲಿಯ ರೂಢಿ. ಕಳೆದ ಬೆಳೆಗೆ ಬೆಲೆ ಬರಲಿಲ್ಲ, ಗೌಡರು ತೀರಿಸಲಿಲ್ಲ. ಆ ಬಿಲ್ಲು ನೇರ ಅವರ ಮನೆಗೆ ಹೋಗುತ್ತದೆ, ನನ್ನ ಮೇಜಿಗೆ ಬರುವುದಿಲ್ಲ.

"ಹಾಗಂತ ಹೇಳ್ಬೋದಿತ್ತಲ್ಲ?"

"ದುಡ್ಡಿನ ಮಾತು ಆಳುಗಳ ಹತ್ರ ಆಡ್ಬೇಡ ಅಂತ ಡಾಕ್ಟ್ರು ಹೇಳಿದಾರೆ. ಗೌಡ್ರ ಮರ್ಯಾದೆ ಅಂತ. ಏನಾದ್ರೂ ಹೇಳಿ ಕಳ್ಸು ಅಂದ್ರು. ನಂಗೆ ಸೀಲು ಹೊಳೀತು."

"ಈ ಸಲದ್ದು ನಾನೇ ಕ್ಯಾಶ್ ಕೊಡ್ತೀನಿ. ಹುಡುಗೀನ ನಾಳೆ ಕರ್ಕೊಂಡು ಬರ್ತೀನಿ."

"ಎಸ್ಟೇಟ್ ಅಕೌಂಟ್‌ನೋರ ಹತ್ರ ಕ್ಯಾಶ್ ತಗೊಳ್ಳೋ ಹಾಗಿಲ್ಲ ಸಾರ್. ಆಳುಗಳು ಕ್ಯಾಶ್ ಕೊಡೋಕೆ ಶುರು ಮಾಡಿದ್ರೆ ಗೌಡ್ರುಗಳು ಹಳೇದು ಯಾವತ್ತೂ ಕೊಡಲ್ಲ ಅಂತಾರೆ ಡಾಕ್ಟ್ರು."

"ಫೈಲಾದ್ರೂ ಕೊಡಿ."

ತಲೆ ಅಲ್ಲಾಡಿಸಿದಳು.

ಡಾಕ್ಟರು ಊಟಕ್ಕೆ ಹೊರಟಿದ್ದರು. ಅಡ್ಡ ನಿಂತು ವಿಷಯ ಹೇಳಿದೆ. ಕೆಟ್ಟವರಲ್ಲ. ಜ್ವರ ಎಷ್ಟು ದಿನದಿಂದ, ಯಾವ ಮಂಡಿ ಎಂದೆಲ್ಲ ಕೇಳಿದರು. ಆಮೇಲೆ ಅಂದರು: "ನಂಗೂ ಔಷಧಿ ಕಂಪನಿಯವ್ರು ಸಾಲ ನಿಲ್ಸಿದಾರೆ ಏಕಾಂತಪ್ಪನವ್ರೇ. ಬೆಳ್ಳಿಯಪ್ಪ ಗೌಡ್ರು ಪೂರ್ತಿ ಕೊಡ್ಬೇಕು ಅಂತಿಲ್ಲ. ಒಂದು ಮಾತು. ಬಾಕಿ ಇದೆ, ಕೊಡ್ತೀನಿ ಅನ್ನೋ ಒಂದು ಮಾತು. ರೋಡಲ್ಲಿ ನನ್ನ ಕಂಡ್ರೆ ಆ ಕಡೆ ದಾಟ್ತಾರೆ. ಅವ್ರ ಮಾತಿಲ್ದೆ ನಾನು ಯಾರ ಹೆಸ್ರಲ್ಲಿ ಬರ್ಕೊಳ್ಲಿ?"

ಇಂಜೆಕ್ಷನ್ ಹಾಕಿ ಆಮೇಲೆ ಆ ಮಾತಿಗೆ ಕಾಯಬಹುದಲ್ಲ ಎಂದೆ. ಅವರು ಕಾರು ಹತ್ತಿದರು.

ಸಂಜೆ ಲೈನ್‌ಮನೆಗೆ ಹೋದೆ. ಲಿಂಗಪ್ಪ ಇನ್ನೂ ತೋಟದಲ್ಲಿದ್ದ. ಶಾಲಿನಿ ಕಂಬಳಿ ಹೊದ್ದು ಗೋಡೆಗೆ ಒರಗಿದ್ದಳು.

"ಸೀಲು ಚೆನ್ನಾಗೇ ಇದೆ ಕಣಮ್ಮ" ಎಂದೆ.

"ಗೊತ್ತು. ಮೊದಲ್ನೇ ದಿನಾನೇ ಗೊತ್ತಾಯ್ತು. ನಮ್ ಮುಂದಿದ್ದ ಎಸ್ಟೇಟ್ನೋರಿಗೂ ಅದನ್ನೇ ಅಂದ್ಲು."

"ಮತ್ತೆ ಅಪ್ಪನಿಗೆ ಹೇಳ್ಲಿಲ್ವಾ?"

"ಗೌಡ್ರ ಹತ್ರ ದುಡ್ಡಿಲ್ಲ ಅಂದ್ರೆ ಅಪ್ಪ ನಂಗೇ ಬೈತಾರೆ." ಕಂಬಳಿ ಎಳೆದುಕೊಂಡು, "ನೀವು ಹೊಸ ಸೀಲು ಮಾಡಿಸ್ತೀರ ಅಂತ ಗೊತ್ತಿರ್ಲಿಲ್ಲ. ಗೊತ್ತಿದ್ರೆ ಹೇಳ್ತಿದ್ದೆ" ಎಂದಳು.

ನವೆಂಬರ್ 7. ಬುಧವಾರ

ಬೆಳಿಗ್ಗೆ ಗೌಡರಿಗೆ ಹೇಳಿದೆ. ಎರಡೇ ವಾಕ್ಯ. ಸೀಲು ಸರಿಯಾಗಿದೆ. ಲಿಂಗಪ್ಪನ ಮಗಳಿಗೆ ಜ್ವರ ಮರಳಿದೆ.

"ಲಿಂಗಪ್ಪನಿಗೆ ಗೊತ್ತಾ?"

"ಇಲ್ಲ."

ಅವರು ಕನ್ನಡಕ ತೆಗೆದು ಒರೆಸಿದರು. ಹಾಕಿಕೊಂಡು, ಮತ್ತೆ ತೆಗೆದು ಒರೆಸಿದರು. "ಡ್ರೈಯರಿಗೆ ಸೌದೆ ಬಂತಾ?" ಎಂದು ಕೇಳಿದರು. ಬಂದಿದೆ ಎಂದೆ. ಹೋದರು.

ನವೆಂಬರ್ 12. ಸೋಮವಾರ

ಪಲ್ಪರ್ ಓಡುತ್ತಿದೆ. ಗೌಡರು ನಾಲ್ಕು ದಿನದಿಂದ ಆಫೀಸಿನ ಕಡೆ ಬಂದಿಲ್ಲ.

ಪೇಟೆಗೆ ಹೋಗಿದ್ದ ಲಿಂಗಪ್ಪ ಒಂದು ಸುದ್ದಿ ತಂದ. ನರ್ಸಿಂಗ್ ಹೋಂ ಎದುರು ನಮ್ಮ ಜೀಪು ನಿಂತಿತ್ತಂತೆ. ಒಳಗೆ ಗೌಡರು ಒಬ್ಬರೇ. ಇಂಜಿನ್ ಆಫ್ ಮಾಡಿರಲಿಲ್ಲ. ತುಂಬಾ ಹೊತ್ತು ನಿಂತು, ತಿರುಗಿಸಿಕೊಂಡು ಹೋದರಂತೆ.

"ಗೌಡ್ರಿಗೆ ಮೈ ಹುಷಾರಿಲ್ವಾ ಎಂತದೋ ರೈಟ್ರೇ. ಪಾಪ, ಯಾರ್ಗೂ ಹೇಳ್ಕಳಲ್ಲ ಅವ್ರು."

ಇರಬಹುದು ಎಂದೆ.

ಶಾಲಿನಿಯ ಜ್ವರ ಇಳಿದಿದೆ. ಮಂಡಿಯ ಊತ ಇಳಿದಿಲ್ಲ. ಹಿತ್ತಲಿಗೆ ಹೋಗಿ ಬರುವಷ್ಟಕ್ಕೇ ಏದುಸಿರು ಎನ್ನುತ್ತಾಳಂತೆ. ಆ ಮಾತು ನನಗೆ ಹಿಡಿಸಲಿಲ್ಲ. ಮುಂದಿನ ಸೋಮವಾರದ ಇಂಜೆಕ್ಷನ್ ದಿನ ದಾಟಿಸುವಂತಿಲ್ಲ.

ನವೆಂಬರ್ 19. ಸೋಮವಾರ. ಬೆಳಿಗ್ಗೆ

ಮೂರನೇ ಸಲದ ಇಂಜೆಕ್ಷನ್ ದಿನ. ಚೀಟಿ ಬರೆಯಲೋ ಬೇಡವೋ ಎಂದು ಕೂತಿದ್ದೆ. ಫೈಲಿಲ್ಲದಿದ್ದರೂ ಸರಿ, ಜಿಲ್ಲಾ ಆಸ್ಪತ್ರೆಗೇ ಕರೆದುಕೊಂಡು ಹೋಗಿ ಕೈಕಾಲು ಹಿಡಿಯುವುದೆಂದು ಲೆಕ್ಕ ಹಾಕುತ್ತಿದ್ದೆ.

ಎಂಟು ಗಂಟೆಗೆ ಗೌಡರು ಬಂದರು. ನನ್ನ ಕುರ್ಚಿಯಲ್ಲೇ ಕೂತು ಚೀಟಿ ಪುಸ್ತಕ ಎಳೆದುಕೊಂಡರು. ಪೆನ್ನು ಕೇಳಿದರು. ಈ ಎಸ್ಟೇಟಿಗೆ ನಾನು ಬಂದ ಮೇಲೆ ಅವರು ಆಸ್ಪತ್ರೆ ಚೀಟಿ ಬರೆದದ್ದು ನೋಡಿಲ್ಲ.

"ಬಾಕಿ ಅಂತ ಹೆಂಗೆ ಬರೀತಾರ್ರೀ?"

"ಹಾಗೇ ಗೌಡ್ರೇ. ಬಾಕಿ ಇದೆ ಅಂತ."

"ಅಷ್ಟೇನಾ?"

"ಅಷ್ಟೇ."

ಮೊದಲನೆಯದು 'ಕಾರಣಾಂತರಗಳಿಂದ' ಎಂದು ಶುರುವಾಗಿತ್ತು. ಹರಿದು ಹಾಕಿದರು. ಎರಡನೆಯದರಲ್ಲಿ 'ಮಾರುಕಟ್ಟೆಯ ಪರಿಸ್ಥಿತಿ' ಬಂತು. ಅದನ್ನೂ ಹರಿದರು. ಮೂರನೆಯದು ಹೀಗಿತ್ತು:

ಡಾಕ್ಟರೇ, ನನ್ನ ಬಾಕಿ ಇದೆ. ಈ ಬೆಳೆ ಮಾರಿದ ಮೇಲೆ ನಾನೇ ಬಂದು ಕೊಡುತ್ತೇನೆ. ಹುಡುಗಿಯನ್ನು ಕಾಯಿಸಬೇಡಿ. — ಬೆಳ್ಳಿಯಪ್ಪ

ನಾನು ಅಭ್ಯಾಸಬಲದಿಂದ ಸೀಲು ಕೈಗೆತ್ತಿಕೊಂಡೆ.

"ಅದು ಬೇಡ ಬಿಡಿ" ಎಂದರು. "ಸರಿಯಾಗಿ ಬೀಳಲ್ಲ ಅದು."

ಲಿಂಗಪ್ಪನನ್ನು ತಾವೇ ಕೂಗಿ ಕರೆದರು. ಚೀಟಿ ಕೊಡುವ ಮೊದಲು ಬರೆದದ್ದನ್ನು ಅವನಿಗೆ ಗಟ್ಟಿಯಾಗಿ ಓದಿ ಹೇಳಿದರು. ಲಿಂಗಪ್ಪ ಗೌಡರನ್ನು ನೋಡಲಿಲ್ಲ, ನನ್ನನ್ನು ನೋಡಿದ. ಆಮೇಲೆ ಚೀಟಿಯನ್ನು ಜೇಬಿಗೆ ಹಾಕದೆ ಮಗಳ ಕೈಗೆ ಕೊಟ್ಟ.

ಬಸ್ಸಿನವರೆಗೆ ಶಾಲಿನಿಯನ್ನು ಅಪ್ಪ ಹಿಡಿದುಕೊಂಡೇ ನಡೆಸಿದ.

ಅದೇ ದಿನ. ಸಂಜೆ

ಇಂದಿನ ಕೊಯ್ಲು ತೂಗಿ ಆಯಿತು. ಗೌಡರು ಎರಡು ಸಲ ಬಂದು ಹೋದರು. ಒಮ್ಮೆ ಪೇಪರ್ ಕೇಳಲು. ಇನ್ನೊಮ್ಮೆ ಅದನ್ನು ವಾಪಸ್ ಕೊಡಲು. ಓದಿದಂತೆ ಕಾಣಲಿಲ್ಲ, ಮಡಿಕೆ ಹಾಗೇ ಇತ್ತು. ಈಗ ಅಂಗಳದ ತುದಿಯಲ್ಲಿ ನಿಂತಿದ್ದಾರೆ. ರಸ್ತೆ ಅಲ್ಲಿಂದ ಚೆನ್ನಾಗಿ ಕಾಣುತ್ತದೆ.

ಡಾಕ್ಟರು ಇಲ್ಲದೇ ಇರಬಹುದು. ಇದ್ದೂ ಆಗದು ಎನ್ನಬಹುದು. ಒಂದು ಮಾತು ಸಾಕು ಎಂದಿದ್ದರು, ಈಗ ಮಾತು ಹೋಗಿದೆ. ಕಾಯುವುದು.

ಬಸ್ಸು ತಡ. ಘಾಟಿಯಲ್ಲಿ ಮಂಜು ಇರಬೇಕು.

ಹಾರ್ನ್.

ತಿರುವಿನಲ್ಲಿ ನಿಂತಿತು. ಲಿಂಗಪ್ಪ ಇಳಿದ. ಹಿಂದೆ ಶಾಲಿನಿ. ಕುಂಟುತ್ತಿದ್ದಾಳೆ. ಬೆಳಿಗ್ಗೆಯೂ ಕುಂಟುತ್ತಿದ್ದಳಲ್ಲ, ಇದರಿಂದ ಏನೂ ಗೊತ್ತಾಗುವುದಿಲ್ಲ... ಮೇಲಿನ ದಾರಿಗೆ ತಿರುಗಿದರು. ಎಡಗೈಯಲ್ಲಿ ಅಪ್ಪನ ಭುಜ ಹಿಡಿದಿದ್ದಾಳೆ. ಡಾಕ್ಟರಿಗೆ ಬೈಯುತ್ತಿದ್ದಾಳೆ, ಇಲ್ಲಿಗೇ ಕೇಳುತ್ತಿದೆ. ಗೌಡರು ಆಗಲೇ ರಸ್ತೆಗೆ ಇಳಿದರು. ಎಳೆಯುತ್ತಿರುವುದು ಎಡಗಾಲು ಮಾತ್ರ ಅಲ್ಲ, ಬಲಗಾಲೂ, ಸೂಜಿ ಹಾಕುವ ಕಡೆ—