ಮುನಿಗಂಗಮ್ಮನ ಕ್ಯಾನು ಇಟ್ಟರೆ ಸೊನ್ನೆ

೧೨ ನವೆಂಬರ್ ೧೯೮೭, ಗುರುವಾರ

ಮುನಿಗಂಗಮ್ಮ ಸಂಜೆ ಕೇಳಿದ ಮಾತು ಕಿವಿ ಬಿಟ್ಟು ಹೋಗುತ್ತಿಲ್ಲ.

ಡೈರಿಗೆ ಹೊಸ ಎಲೆಕ್ಟ್ರಾನಿಕ್ ತಕ್ಕಡಿ ಬಂದಾಗಿನಿಂದ ಅವಳು ಹಾಲಿನ ಕ್ಯಾನು ಇಟ್ಟರೆ ಸಾಕು, ಅಂಕಿ ಅಳಿಸಿ ಸೊನ್ನೆಗೆ ಬರುತ್ತಿತ್ತು. ಅವಳ ಗಂಡ ಹೋದ ವರ್ಷ ಪಂಪ್‌ಸೆಟ್ಟಿನ ಹತ್ತಿರ ಕರೆಂಟು ಹೊಡೆದು ತೀರಿಕೊಂಡವನು. "ಅವನೇ ಹಿಂದೆ ಬರ್ತಾನೆ ಕಣೇ, ಇನ್ಮೇಲೆ ನೀನು ಹಾಲು ತರ್ಬೇಡ" ಎಂದು ಸಾಲಿನ ಹೆಂಗಸರು ಜಗಳಕ್ಕೇ ನಿಂತಿದ್ದರು.

ರೇಡಿಯೋ ರಿಪೇರಿಯಲ್ಲಿ ಕಲಿತಷ್ಟೇ ನನ್ನ ವಿದ್ಯೆ. ಡೈರಿಯವರು ಕರೆದರೆಂದು ಬೆಳಿಗ್ಗೆ ತಕ್ಕಡಿಯ ಹತ್ತಿರವೇ ಕಾದು ಕೂತೆ. ಡೈರಿಗೂ ಪಕ್ಕದ ಅಜ್ಮತುಲ್ಲಾನ ಹಿಟ್ಟಿನ ಮಿಷನ್ನಿಗೂ ಒಂದೇ ಲೈನು. ಮುನಿಗಂಗಮ್ಮ ದಿನಾ ರಾಗಿ ಡಬ್ಬ ಮಿಷನ್ನಿನಲ್ಲಿಟ್ಟು ಹಾಲಿನ ಸಾಲಿಗೆ ಬರುತ್ತಾಳೆ. ಅವನು ಬೇರೆಯವರನ್ನು ಕಾಯಿಸಿ ಅವಳದನ್ನೇ ಮೊದಲು ಬೀಸುತ್ತಾನೆ. ಅವಳು ಕ್ಯಾನು ಇಡುವ ಹೊತ್ತಿಗೆ ಸರಿಯಾಗಿ ಮೋಟಾರು ಎದ್ದು, ಲೈನಿನ ಕರೆಂಟು ಒಮ್ಮೆ ಕುಸಿದು, ಆ ಏಟಿಗೆ ತಕ್ಕಡಿಯೊಳಗೆ ಲೆಕ್ಕ ಇಡುವ ಮೈಕ್ರೋಕಂಟ್ರೋಲರ್ ಚಿಪ್ಪು ಬೆಚ್ಚಿ, ಎಲ್ಲ ಮರೆತು, ಮೊದಲಿನಿಂದ ಶುರುಮಾಡುತ್ತದೆ.

"ಗಂಡಿಲ್ದೋಳು, ಮನೇಲಿ ಮಕ್ಳು ಕಾಯ್ತಿರ್ತಾವೆ ಅಂತ ಮಾಡ್ದೆ ಅಣ್ಣ" ಎಂದು ಅಜ್ಮತುಲ್ಲಾ ತಲೆ ತಗ್ಗಿಸಿದ.

ತಕ್ಕಡಿಗೆ ಬೇರೆ ಲೈನು ಎಳೆದು, ಅರ್ತಿಂಗ್ ಸರಿಮಾಡಿ, ಕರೆಂಟು ಒಳಬರುವ ಕಡೆ ಏಟು ತಡೆಯುವ ಕೆಪಾಸಿಟರ್ ಹಾಕಿದೆ. ಸಂಜೆ ಅವಳ ಕ್ಯಾನು ಇಡಿಸಿ ಮಿಷನ್ನು ಚಾಲೂ ಮಾಡಿಸಿದೆ. ಅಂಕಿ ಅಲುಗಲಿಲ್ಲ. ಹೆಂಗಸರು ಅವಳಿಗೆ ದಾರಿ ಬಿಟ್ಟರು.

ಅವಳು ಮಾತ್ರ ಅಂಕಿಯನ್ನೇ ನೋಡುತ್ತಾ, "ಹಂಗಾದ್ರೆ ಅವ್ರು ಬರ್ತಾನೇ ಇರ್ಲಿಲ್ವಾ ಅಣ್ಣಯ್ಯ?" ಎಂದಳು.

ಮೋಟಾರು ಅಂದೆ, ಲೈನು ಅಂದೆ. ಕೇಳಿಸಿಕೊಂಡಳೋ ಇಲ್ಲವೋ.

ಈಗ ನನ್ನ ಮೇಜಿನ ಬಲ್ಬು ಒಮ್ಮೆ ಮಂಕಾಗಿ ಮತ್ತೆ ಹತ್ತಿತು. ಅಜ್ಮತುಲ್ಲಾ ಮಿಷನ್ನು ಮುಚ್ಚಿ ಎಷ್ಟೋ ಹೊತ್ತಾಗಿದೆ. ನಾಳೆ ಇದನ್ನು ಅವಳಿಗೆ ಹೇಳಲೋ, ಇಲ್ಲ ನನ್ನಲ್ಲೇ ಇಟ್ಟುಕೊಳ್ಳಲೋ.