ಇಟ್ಟುಕೊಳ್ಳಿ, ಇಲ್ಲವೇ ಬಿಡಿ

ಸಂಶೋಧನಾ ಸಂಸ್ಥೆಯ ಮಾನ್ಯ ಆಡಳಿತಾಧಿಕಾರಿಗಳೇ,

ಹದಿನಾಲ್ಕು ತಿಂಗಳಿಂದ ತಾವು ನನಗೆ ಕೆಲಸ ಮಾಡಲೂ ಬಿಡುತ್ತಿಲ್ಲ, ಕೆಲಸ ಬಿಡಲೂ ಬಿಡುತ್ತಿಲ್ಲ. ಐದು ಪತ್ರ ಬರೆದೆ, ಒಂದಕ್ಕೂ ಉತ್ತರ ಬರಲಿಲ್ಲ. ಆರನೆಯದನ್ನು ಪತ್ರಿಕೆಗೆ ಕಳಿಸುತ್ತಿದ್ದೇನೆ. ಇಲ್ಲಿ ಯಾರಾದರೂ ಓದುತ್ತಾರೆ.

ತಮ್ಮ ಕಡತದಲ್ಲಿ ನಾನೊಂದು ಸಂಖ್ಯೆ. ಓದುಗರಿಗೆ ಇನ್ನಷ್ಟು ಹೇಳಬೇಕು. ರಾಮದುರ್ಗದವಳು ನಾನು. ಡಾಕ್ಟರೇಟ್ ಮುಗಿಸಿ ಏಳು ವರ್ಷ ಗಾಮಾ ಕಿರಣಗಳ ಬೆನ್ನು ಹತ್ತಿದೆ. ದೂರದ ಗ್ಯಾಲಕ್ಸಿಗಳಿಂದ ಹೊರಟ ಈ ಕಿರಣ ನೆಲ ಮುಟ್ಟುವುದಿಲ್ಲ. ನಮ್ಮ ಗಾಳಿಗೆ ಬಡಿದು, ಕಣ್ಣಿಗೆ ಕಾಣದಷ್ಟು ಮಸುಕಾದ ನೀಲಿ ಮಿಂಚೊಂದನ್ನು ಚೆಲ್ಲಿ ಮುಗಿದುಹೋಗುತ್ತದೆ. ಆ ಮಿಂಚಿನ ಆಯುಸ್ಸು ಒಂದು ಸೆಕೆಂಡನ್ನು ನೂರು ಕೋಟಿ ಪಾಲು ಮಾಡಿದರೆ ಅದರಲ್ಲಿ ಕೆಲವೇ ಪಾಲು. ದೊಡ್ಡ ಕನ್ನಡಿಗಳನ್ನು ನಿಲ್ಲಿಸಿ ಅದನ್ನು ಹಿಡಿಯುವುದು ನಮ್ಮ ಕಸುಬು. ಆಫ್ರಿಕಾದಲ್ಲಿ ಎರಡು ವರ್ಷ, ಸ್ಪೇನಿನ ದ್ವೀಪದಲ್ಲಿ ಎರಡು ವರ್ಷ, ಕೊನೆಗೆ ತಮ್ಮ ಸಂಸ್ಥೆಯ ಪರವಾಗಿ ಲಡಾಖಿನ ಚಳಿಯಲ್ಲಿ ಮೂರು ವರ್ಷ ಅದನ್ನೇ ಮಾಡಿದೆ. ಎಲ್ಲವೂ ಗುತ್ತಿಗೆ. ಒಂದು ಊರಿನಲ್ಲಿ ಟ್ರಂಕು ಬಿಚ್ಚುವಷ್ಟರಲ್ಲಿ ಮುಂದಿನ ಊರಿಗೆ ಅರ್ಜಿ. ಅದನ್ನು ದೂರಲಾರೆ, ತಿಳಿದೇ ಬಂದವಳು.

ಗುತ್ತಿಗೆ ಮುಗಿದ ದಿನವೇ ನನ್ನ ಪಾಸ್‌ವರ್ಡ್ ನಿಂತಿತು. ನಾನೇ ದಾಖಲಿಸಿದ ಮಿಂಚುಗಳನ್ನು ನಾನೇ ನೋಡಲಾಗದಂತಾಯಿತು. ಮುಗಿಯಿತೆಂದು ಊರಿಗೆ ಬಂದೆ. ಬಿಡುಗಡೆ ಪತ್ರ ಕೇಳಿದರೆ, ನಮ್ಮ ತಂಡದ ಮುಖ್ಯಸ್ಥರು ನನ್ನ ಅವಧಿ ವಿಸ್ತರಿಸಲು ಶಿಫಾರಸು ಮಾಡಿದ್ದಾರೆ, ತೀರ್ಮಾನವಾಗುವ ತನಕ ಕೊಡಲಾಗದು ಎಂದು ತಮ್ಮ ಕಚೇರಿಯವರು ಫೋನಿನಲ್ಲಿ ಹೇಳಿದರು. ನೇರವಾಗಿ ಬಂದು ತಮ್ಮ ಗುಮಾಸ್ತರನ್ನು ಕಂಡೆ.

"ವಿಸ್ತರಣೆ ಬಂದ್ರೆ ಬಿಡುಗಡೆ ಇಲ್ಲ ಮೇಡಂ. ಬರದಿದ್ರೆ ಕೊಡ್ತೀವಿ."

"ಬರತೈತೋ ಇಲ್ಲೋ ಯಾರು ಹೇಳಬೇಕ್ರಿ?"

"ಸಮಿತಿ."

"ಅದು ಯಾವಾಗ ಕೂಡತೈತ್ರಿ?"

"ಅದಿನ್ನೂ ರಚನೆ ಆಗಿಲ್ಲ."

ಇಲ್ಲದ ಸಮಿತಿಯ ಎದುರು ನನ್ನ ಕಡತ ಇದೆ. ಇದು ಯಾವ ಭೌತಶಾಸ್ತ್ರ, ಮಾನ್ಯರೇ? ಈ ನಡುವೆ ಎರಡು ಕಡೆ ಕಾಯಂ ಹುದ್ದೆ ಕರೆದರು. ಈಗಿರುವ ಸಂಸ್ಥೆಯ ಒಪ್ಪಿಗೆ ಪತ್ರ ಬೇಕೆಂದರು. ಅದೂ ತಮ್ಮಲ್ಲೇ ಉಳಿಯಿತು; ನನ್ನ ವಯಸ್ಸು ಮಾತ್ರ ಯಾವ ಸಮಿತಿಗೂ ಕಾಯದೆ ಆ ಹುದ್ದೆಗಳ ಮಿತಿ ದಾಟಿತು.

ನೆರೆಮನೆಯ ಸೀತವ್ವ ನಮ್ಮವ್ವನನ್ನು ಕೇಳಿದಳು: "ಕೆಂಚವ್ವಾ, ನಿನ್ನ ಮಗಳಿಗೆ ನೌಕರಿ ಐತೋ, ಹೋತೋ?"

"ಐತವಾ, ಆದ್ರ ಇಲ್ಲ," ಎಂದಳು ಅವ್ವ. ಸೀತವ್ವ ನಕ್ಕಳು. ಅವ್ವ ನಗಲಿಲ್ಲ. ಅಂದಿನಿಂದ ನಾನು ಹಿತ್ತಲ ಬಾಗಿಲಿನಿಂದ ಓಡಾಡುತ್ತೇನೆ.

ಜೂನಿನಲ್ಲಿ ಇಲ್ಲಿನ ಹೆಣ್ಣುಮಕ್ಕಳ ಕಾಲೇಜೊಂದು ಭೌತಶಾಸ್ತ್ರದ ಉಪನ್ಯಾಸಕಿಯಾಗಿ ನನ್ನನ್ನು ಆರಿಸಿತು. ಬಿಡುಗಡೆ ಪತ್ರ ತಂದರೆ ನೇಮಕಾತಿ ಆದೇಶ. ತಿಂಗಳು ಕಳೆದರೂ ಪತ್ರವಿಲ್ಲ. ಪ್ರಾಂಶುಪಾಲ ಕೃಷ್ಣಾಜಿಯವರಿಗೆ ಬೇರೆಯವರನ್ನು ನೋಡಿಕೊಳ್ಳಿ ಎಂದು ಹೇಳಲು ಹೋದೆ. ಅವರು ನನ್ನ ಕೈಗೆ ಸೀಮೆಸುಣ್ಣ ಕೊಟ್ಟರು.

"ಕಾಗದ ಬಂದಾಗ ಬರಲಿ. ಪಾಠ ಸುರು ಮಾಡ್ರಿ. ನಿಮ್ಮ ಸಮಿತಿ ಸಲುವಾಗಿ ಹುಡುಗ್ಯಾರ ಪರೀಕ್ಷಾ ನಿಲ್ಲಂಗಿಲ್ಲ."

ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದೆ ಪಾಠ ಶುರುಮಾಡಿದೆ. ಏಳನೆಯ ದಿನ ನೀಲಿ ಮಿಂಚಿನ ಕಥೆ ಹೇಳಿದಾಗ ಸುಂದರವ್ವ ಎಂಬ ಹುಡುಗಿ ಎದ್ದುನಿಂತು ಕೇಳಿದಳು: "ಮೇಡಂ, ನಾನೂ ಇದನ್ನ ಕಲೀಬಹುದೇನ್ರಿ?" ಹತ್ತು ವರ್ಷದ ಹಿಂದಾಗಿದ್ದರೆ ಕುಣಿಯುತ್ತಿದ್ದೆ. ಅಂದು ಕಪ್ಪುಹಲಗೆಯತ್ತ ತಿರುಗಿ, ಬರೆದದ್ದನ್ನೇ ಮತ್ತೆ ಬರೆದೆ.

ಪಾಠ ಮಾಡುತ್ತಿರುವುದನ್ನು ಪ್ರಾಮಾಣಿಕವಾಗಿ ತಮಗೆ ತಿಳಿಸಿದೆ. ಅದೇ ಐದನೆಯ ಪತ್ರ. ಉತ್ತರವಲ್ಲ, ಎಂಟೇ ದಿನದಲ್ಲಿ ನೋಟಿಸ್ ಬಂತು! ಸೇವೆಯಲ್ಲಿದ್ದೂ ಅನುಮತಿಯಿಲ್ಲದೆ ಅನ್ಯತ್ರ ಕೆಲಸ ಮಾಡಿದ್ದಕ್ಕೆ ಶಿಸ್ತುಕ್ರಮ ಏಕೆ ಕೈಗೊಳ್ಳಬಾರದು, ಕಾರಣ ಕೊಡಿ ಎಂದು. ಹದಿನಾಲ್ಕು ತಿಂಗಳಲ್ಲಿ ತಮ್ಮ ಕಚೇರಿ ನನಗೆ ಬರೆದ ಮೊದಲ ಪತ್ರ ಅದು. ರುಜು, ಮೊಹರು, ದಿನಾಂಕ, ಒಂದೂ ತಪ್ಪಿಲ್ಲ.

ಕಾರಣ ಕೊಡುವುದಿಲ್ಲ. ತಪ್ಪು ಒಪ್ಪಿದ್ದೇನೆ, ಕ್ರಮ ಕೈಗೊಳ್ಳಿ. ಬಿಡುಗಡೆಗೆ ಸಮಿತಿ ಬೇಕಂತೆ. ವಜಾ ಮಾಡಲು ತಮ್ಮ ರುಜು ಸಾಕು ಎಂದು ನೋಟಿಸಿನ ಕೊನೆಯ ಸಾಲು ಹೇಳುತ್ತದೆ. ನಾನು ಕೇಳುವುದು ಇಷ್ಟೇ: ಈ ತಿಂಗಳೊಳಗೆ ನನ್ನನ್ನು ವಜಾ ಮಾಡಿ. ಬಿಡುಗಡೆ ಪತ್ರದ ಬದಲು ಆ ಕಾಗದವೂ ನಡೆಯುತ್ತದೆಂದು ಕೃಷ್ಣಾಜಿಯವರು ಹೇಳಿದ್ದಾರೆ.

ಇಂತಿ,
ಶಿಕ್ಷೆಗಾಗಿ ಕಾದಿರುವ
ಗಂಗಾ ನಿಜಗುಣಪ್ಪ ಹೊಸಮನಿ
ರಾಮದುರ್ಗ
(ಹುದ್ದೆ: ತಾವೇ ತಿಳಿಸಬೇಕು)