ಹಣ್ಣು ಬೀಳದ ಕಡಲು

ಹಂಗಾರಕಟ್ಟೆ
ಜುಲೈ 2014

ಅಣ್ಣಯ್ಯಾ,

ಮುಂಬಯಿಯಿಂದ ನೀನು ಅಷ್ಟು ಒತ್ತಾಯಿಸಿದೆಯೆಂದು ನಮ್ಮ ವೆಲ್‌ಮೂರ್ ಕಂಪ್ಯೂಟರ್ ಆಟದ ಹೊಸ ಆನ್‌ಲೈನ್ ಅವತಾರ ಆಡಿದೆ. ಹೇಸಿಗೆಯಾಯಿತು. ಹಳೆಯದರ ಹಾಗೇ ಇದೆ ಎಂದು ಯಾವ ಬಾಯಲ್ಲಿ ಹೇಳಿದೆ? ಅಲ್ಲಿ ಊರು ಉಳಿಸಲು ಸತ್ತ ಮಂತ್ರವಾದಿ ಇಲ್ಲಿ ಬಂದರಿನಲ್ಲಿ ಕೂತು ಟೊಪ್ಪಿ ಮಾರುತ್ತಾನೆ!

ಒಬ್ಬರೇ ಆಡುವ ಹಳೆಯ ಆಟವನ್ನು ನಾವಿಬ್ಬರೂ ಒಂದೇ ಕುರ್ಚಿಯಲ್ಲಿ ಕೂತು ಆಡುತ್ತಿದ್ದೆವು. ಅದರಲ್ಲಿ ಹಡಗು ಹತ್ತುವ ಮೊದಲು ನೀರಿಗೊಂದು ಹಣ್ಣು ಹಾಕುತ್ತಿದ್ದೆವು. ಆಟ ಅದನ್ನು ಕೇಳಿರಲಿಲ್ಲ. ಹಿಂದೆ ನಿಂತು ನೋಡುತ್ತಿದ್ದ ಅಪ್ಪಯ್ಯ, "ಕಡ್ಲಿಗ್ ಕೊಡ್ದೆ ಹೋಪುಕಾಗ" ಎಂದು ತಡೆದಿದ್ದರು. ಹಣ್ಣು ತೇಲಿ ಮರೆಯಾಗುವವರೆಗೆ ಮೂವರೂ ಕಾಯುತ್ತಿದ್ದೆವು.

ಹೊಸ ಕಡಲಿಗೆ ಹಣ್ಣು ಹಾಕಲು ಹೋದರೆ, ಎಸೆಯಲು ಬರುವುದಿಲ್ಲ, ಮಾರುತ್ತೀರಾ ಎಂದು ಕೇಳುತ್ತದೆ. ಹಿಂದೆ ನಿಂತ ಯಾರ‍್ಯಾರೋ ಆಟಗಾರರು ಬೇಗ ಪಕ್ಕಕ್ಕೆ ಸರಿ ಎಂದು ಬೈಯುತ್ತಾರೆ. ಮೀನು ಮಾರ್ಕೆಟ್ಟಿನಲ್ಲಿ ಇದಕ್ಕಿಂತ ಮರ್ಯಾದೆಯಿದೆ. ನೀರಲ್ಲಿ ಮುಳುಗಿದವರು ಮರುಕ್ಷಣ ದಡದಲ್ಲೆದ್ದು ಕುಣಿಯುತ್ತಾರೆ. ಅದನ್ನು ನೀನು ದಿನಾ ಹೇಗೆ ನೋಡುತ್ತೀ ಅಣ್ಣಯ್ಯಾ?

ನನ್ನನ್ನು ಆ ಕಡಲಿಗೆ ಕರೆಯಬೇಡ. ನೀನೇ ಇಲ್ಲಿಗೆ ಬಾ. ಅಪ್ಪಯ್ಯನ ದೋಣಿ ಮಗುಚಿದ ಮೇಲೆ ನೂಲ ಹುಣ್ಣಿಮೆಯ ಸಮುದ್ರಪೂಜೆಗೆ ನಮ್ಮ ಮನೆಯಿಂದ ಯಾರೂ ನೀರಿಗೆ ಕಾಯಿ ಬಿಟ್ಟಿಲ್ಲ. ಕಡಲಿಗೆ ಇನ್ನು ಕೊಡುವುದೇನಿದೆ ಎಂದು ಅಮ್ಮ ಬಾಗಿಲು ಹಾಕಿಕೊಳ್ಳುತ್ತಾಳೆ. ನೀನು ಕರೆದರೆ ಹೊರಗೆ ಬಂದಾಳು.

ರಜೆ ಬರೆದುಕೊಡು. ಕಾಯಿ ನಾನು ಸುಲಿದಿಡುತ್ತೇನೆ. ಅದು ತೇಲಿ ಮರೆಯಾಗುವವರೆಗೆ ಈ ಸಲವೂ ಮೂವರು ಕಾಯಬೇಕು.

ನಿನ್ನ ತಂಗಿ,
ಚಂದನಾ